ನಗರಸಭೆ, ಪಾಲಿಕೆ ಕೆಲಸಕ್ಕೆ ದಾರಿ ಯಾವುದು?

ಪ್ರಶ್ನೆ: ಮಂಡ್ಯದಲ್ಲಿ ಬಿ.ಕಾಂ. ಕೊನೇ ವರ್ಷ. ನಗರಾಡಳಿತದಲ್ಲೇ ನೆಲೆ ನಿಲ್ಲೋ ಆಸೆ. ಕೆಎಎಸ್‌ಗೇ (ಕರ್ನಾಟಕ ಆಡಳಿತ ಸೇವೆ) ಕೂರಬೇಕಾ, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಸಾಕಾ? ಏನು ಓದಲಿ?

ಉತ್ತರ 1: ಎರಡಕ್ಕೂ ಅರ್ಜಿ ಹಾಕಿ. ಎಫ್‌ಡಿಎಗೆ ಪದವಿ ಬೇಕು, ಎಸ್‌ಡಿಎಗೆ (ದ್ವಿತೀಯ ದರ್ಜೆ ಸಹಾಯಕ) ಪಿಯುಸಿ ಸಾಕು. ಆದ್ರೆ ಕೇಳಿದ ಇಲಾಖೆಯೇ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ಎಫ್‌ಡಿಎ, ಎಸ್‌ಡಿಎಲಿ ಜನ ಮುಗ್ಗರಿಸೋದು ಕಡ್ಡಾಯ ಕನ್ನಡ ಪರೀಕ್ಷೇಲಿ. 150ಕ್ಕೆ 50 ಬರದಿದ್ರೆ ಉಳಿದ ಅಂಕ ಎಷ್ಟಿದ್ರೂ ಲೆಕ್ಕಕ್ಕಿಲ್ಲ.

ಉತ್ತರ 2: ಮೊದಲು ಕಾಯ್ದೆ ಸರಿಯಾಗಿ ಹಿಡೀರಿ. ಮಂಡ್ಯ ನಗರಸಭೆಗೆ 1964ರ ಪೌರಸಭೆಗಳ ಅಧಿನಿಯಮ, ಮೈಸೂರು ಪಾಲಿಕೆಗೆ 1976ರ ಪೌರ ನಿಗಮಗಳ ಅಧಿನಿಯಮ. ಒಂದರ ಕಲಂ ಇನ್ನೊಂದರ ಕಡತದಲ್ಲಿ ಬರೆದ್ರೆ ಮೇಲಿನಿಂದ ವಾಪಸ್ ಬರುತ್ತೆ.

ಕಡತದ ಟಿಪ್ಪಣಿ (ಮೇಲಧಿಕಾರಿಯ ತೀರ್ಮಾನಕ್ಕೆ ಬರೆಯೋ ವಿವರ) ಬರೆಯೋದು ಈಗಿಂದಲೇ ರೂಢಿ ಮಾಡ್ಕೊಳ್ಳಿ. ಪ್ರತಿ ಪ್ಯಾರಾಗೂ ಕ್ರಮಸಂಖ್ಯೆ, ಅರ್ಜಿ ಯಾವ ಪುಟದಲ್ಲಿದೆ ಅನ್ನೋ ಉಲ್ಲೇಖ, ಆಮೇಲೆ ನಿಯಮ, ಕೊನೆಗೆ ಸ್ಪಷ್ಟ ಪ್ರಸ್ತಾವ, 'ಆದೇಶಕ್ಕಾಗಿ ಮಂಡಿಸಿದೆ'. ಬರೀ 'ಪರಿಶೀಲಿಸಬಹುದು' ಅಂತ ಬರೆದು ಕೈ ತೊಳ್ಕೊಂಡ್ರೆ ಕಡತ ಮೇಜಿಂದ ಮೇಜಿಗೆ ಸುತ್ತುತ್ತಾ ಇರುತ್ತೆ. ಟೆಂಡರ್ ತಪ್ಪಿಸೋಕೆ ಒಂದೇ ಕಾಮಗಾರಿಯನ್ನ ತುಂಡು ಮಾಡಿದ ಕಡತಕ್ಕೆ ಸಹಿ ಬೇಡ. ಆಡಿಟ್ ಆಕ್ಷೇಪಣೆ ಬಂದಾಗ ಮೊದಲು ಕೇಳೋದು ಟಿಪ್ಪಣಿ ಬರೆದವರನ್ನೇ.

ಉತ್ತರ 3: ಸೇರಿದ ಮೇಲೆ ಇಲಾಖಾ ಪರೀಕ್ಷೆ ಮುಂದೂಡಬೇಡಿ. ಬಡ್ತಿ ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ಅದರಲ್ಲಿ ಒಂದಾದ ಅಕೌಂಟ್ಸ್ ಹೈಯರ್ ಪರೀಕ್ಷೆಗೆ ನಿಮ್ಮ ಬಿ.ಕಾಂ. ಒಂದಿಷ್ಟು ಆಸರೆ, ಆದ್ರೆ ಅದು ಖಜಾನೆ ಲೆಕ್ಕ, ಅಂಗಡಿ ಲೆಕ್ಕ ಅಲ್ಲ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಕೋಚಿಂಗ್ ಸೆಂಟರ್ ಅಂದ್ಕೋಬೇಡಿ, ಅದು ಮುಖ್ಯವಾಗಿ ನೌಕರಿಯಲ್ಲಿರೋರಿಗೆ.