ಅಪ್‌ಡೇಟ್: ಹಾಲಿನ ಲೆಕ್ಕದ ಪ್ರೋಗ್ರಾಂ ಓಡಿತು!

ಮೂರು ತಿಂಗಳ ಹಿಂದೆ ನಿಮ್ಮನ್ನೆಲ್ಲ ಕೇಳಿದ್ದೆ: ಬಿಕಾಂ ಓದಿದವಳು, ವಯಸ್ಸು 34, ಪೈಥಾನ್ (ಪ್ರೋಗ್ರಾಂ ಬರೆಯುವ ಭಾಷೆ) ವಿಡಿಯೊ ನೋಡುವಾಗ ಎಲ್ಲ ಅರ್ಥವಾಗುತ್ತದೆ, ಖಾಲಿ ಪರದೆ ಮುಂದೆ ಕೂತರೆ ಒಂದು ಸಾಲೂ ಬರುವುದಿಲ್ಲ, ಏನು ಮಾಡಲಿ ಅಂತ. ವಿಡಿಯೊ ಬಿಟ್ಟು ಮನೆಯದೇ ಒಂದು ಸಣ್ಣ ಲೆಕ್ಕ ಹಿಡಿಯಿರಿ ಎಂದಿದ್ದಿರಿ.

ಹಿಡಿದೆ. ನಮ್ಮತ್ತೆ ಹತ್ತು ಮನೆಗೆ ಹಾಲಿನ ವರ್ತನೆ ಕೊಡುತ್ತಾರೆ, ಲೆಕ್ಕವೆಲ್ಲ ಕ್ಯಾಲೆಂಡರ್ ಮೇಲೆ. ಅದನ್ನೇ ಬರೆಯಲು ಹೊರಟೆ.

ಮೊದಲ ದಿನವೇ ಸಿಕ್ಕಿಬಿದ್ದೆ. 2 ಲೀಟರ್, ದರ 50. ಉತ್ತರ 100 ಬರಬೇಕು, ಅಲ್ವಾ? ಪರದೆ ತುಂಬ 2222 ಅಂತ ಐವತ್ತು ಎರಡುಗಳು! ಎರಡು ಸಂಜೆ ಹೋಯಿತು. ಇನ್‌ಪುಟ್‌ನಿಂದ (ನಾವು ಟೈಪ್ ಮಾಡಿದ್ದು) ಬಂದದ್ದು ಪೈಥಾನ್‌ಗೆ ಸಂಖ್ಯೆಯಲ್ಲ, ಬರೀ ಅಕ್ಷರ. ಅಕ್ಷರವನ್ನು 50ರಿಂದ ಗುಣಿಸಿದರೆ ಅದನ್ನೇ ಐವತ್ತು ಸಲ ಬರೆಯುತ್ತದೆ. ಅಕ್ಷರವನ್ನು ಪೂರ್ಣಸಂಖ್ಯೆ ಮಾಡುವ ಇಂಟ್ ಹಾಕಿದೆ, ಸರಿಹೋಯಿತು. ಮರುದಿನ ಒಂದೂವರೆ ಲೀಟರ್ ಬಂತು, ಮತ್ತೆ ಎರರ್. ಈ ಸಲ ಗಾಬರಿಯಾಗಲಿಲ್ಲ. ನೀವು ಹೇಳಿದಂತೆ ಎರರ್‌ನ ಕೊನೆಯ ಸಾಲು ಮೊದಲು ಓದಿದೆ. ದಶಮಾಂಶ ಸಂಖ್ಯೆಗೆ ಫ್ಲೋಟ್ ಬೇಕೆಂದು ನಾನೇ ಕಂಡುಕೊಂಡೆ. ಆ ಖುಷಿ ಹೇಳತೀರದು.

ದಿನಾ ಅರ್ಧ ಗಂಟೆ ಸಾಕು ಎಂದವರಿಗೆ ವಿಶೇಷ ಥ್ಯಾಂಕ್ಸ್. ಭಾನುವಾರ ಆರು ಗಂಟೆ ಕೂರುವುದಕ್ಕಿಂತ ಅದೇ ಜಾಸ್ತಿ ಕೈ ಹಿಡಿಯಿತು.

ಕಳೆದ ತಿಂಗಳ ಲೆಕ್ಕ ಅತ್ತೆಯ ಕ್ಯಾಲೆಂಡರಿಗೆ ರೂಪಾಯಿ ತಪ್ಪದೆ ಹೊಂದಿತು. ಈಗ ಅವರೇ ಕೇಳುತ್ತಿದ್ದಾರೆ, ಬಾಕಿ ಇಟ್ಟವರ ಹೆಸರು ಬೇರೆ ತೋರಿಸುತ್ತದಾ ಅಂತ. ನಾಳೆಯಿಂದ ಅದೇ ಕೆಲಸ.