150, 200, 1700 ವರ್ಷದ ಆಚರಣೆಗೆ ಕನ್ನಡದಲ್ಲಿ ಏನನ್ನೋಣ?

ಮಂಗಳೂರಿನಿಂದ:
ಎಲ್ಲರಿಗೂ ನಮಸ್ಕಾರ. ನಮ್ಮೂರ ಚರ್ಚಿನ ಶಾಲೆಗೆ 150 ವರ್ಷ ತುಂಬುತ್ತಿದೆ. ಗೇಟಿಗೆ ಕಟ್ಟುವ ಬ್ಯಾನರ್ ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. ಕಮಿಟಿಯವರು ಬರೆದುಕೊಟ್ಟಿರುವುದು ‘ಶತಮಾನೋತ್ತರ ಸುವರ್ಣ ಮಹೋತ್ಸವ’. ನೂರರ ಮೇಲೆ ಐವತ್ತು ಅನ್ನುವ ಲೆಕ್ಕ ಸರಿಯೇ, ಆದರೆ ಮೂರನೇ ಕ್ಲಾಸಿನ ಮಗು ಅದನ್ನು ಓದಲಾರದು.

ಸ್ಮರಣ ಸಂಚಿಕೆಗೆ ಒಂದು ಇಂಗ್ಲಿಷ್ ಲೇಖನವನ್ನೂ ಅನುವಾದಿಸುತ್ತಿದ್ದೇನೆ. ಅದರಲ್ಲಿ ಇನ್ನೆರಡು ಬರುತ್ತವೆ. 325ರಲ್ಲಿ ಕ್ರೈಸ್ತ ಬಿಷಪ್ಪರು ಸೇರಿದ್ದ ನೈಸಿಯ ಮಹಾಸಭೆಗೆ 2025ರಲ್ಲಿ 1700 ವರ್ಷ ಆಯಿತು. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದರು, 2034ಕ್ಕೆ 200 ಆಗುತ್ತದೆ. ಮೂರಕ್ಕೂ ಒಂದೇ ಜಾಡಿನ ಪದ ಸಿಕ್ಕೀತೇ?

ಮೈಸೂರಿನಿಂದ:
ಸಾರ್ಧಶತಮಾನೋತ್ಸವ, ದ್ವಿಶತಮಾನೋತ್ಸವ, ಸಪ್ತದಶ ಶತಮಾನೋತ್ಸವ. ಸಿದ್ಧವಾಗಿವೆ. 2013ರಲ್ಲಿ ವಿವೇಕಾನಂದರ 150ಕ್ಕೆ ‘ಸಾರ್ಧಶತಿ’ ಅಂತಲೇ ಬರೆದರು. ಯಾರಿಗೂ ಕಷ್ಟ ಆಗಲಿಲ್ಲ.

ಧಾರವಾಡದಿಂದ:
ಕಷ್ಟ ಆಗಲಿಲ್ಲ ಅಂತ ಯಾರನ್ನು ಕೇಳಿದಿರಿ? ‘ಸಾರ್ಧ’ ಅಂದರೆ ಅರ್ಧ ಸೇರಿದ್ದು ಅಂತ ದಾರಿಯಲ್ಲಿ ಹೋಗುವವರಿಗೆ ಗೊತ್ತಿಲ್ಲ.

ಇನ್ನು ‘ಶತಮಾನ’. ಅದು ಮೊದಲಿಗೆ ವರ್ಷದ ಲೆಕ್ಕವೇ ಅಲ್ಲ. ಮಾನ ಅಂದರೆ ಅಳತೆ. ವೇದಕಾಲದ ಗ್ರಂಥ ಶತಪಥ ಬ್ರಾಹ್ಮಣದಲ್ಲಿ ಶತಮಾನ ಅಂದರೆ ಚಿನ್ನದ ತುಂಡು, ನೂರು ಗುಲಗಂಜಿ ತೂಕದ್ದು. ಹಿಂದಿಯವರ ‘ಶತಾಬ್ದಿ’ಯಲ್ಲಾದರೂ ‘ಅಬ್ದ’ ಇದೆ, ವರ್ಷ ಇದೆ. ನಾವು ತೂಕದ ಕಲ್ಲಿಗೆ ಉತ್ಸವ ಮಾಡುತ್ತಿದ್ದೇವೆ! ಸುಮ್ನೆ ‘ನೂರೈವತ್ತರ ಹಬ್ಬ’, ‘ಇನ್ನೂರರ ಹಬ್ಬ’ ಅನ್ನಿ. ಅಚ್ಚಗನ್ನಡ.

ಮೈಸೂರಿನಿಂದ:
ಪರ್ವ, ಪಬ್ಬ, ಹಬ್ಬ. ತದ್ಭವ. ಅಚ್ಚಗನ್ನಡ ಅಲ್ಲ.

ಧಾರವಾಡದಿಂದ:
ನಮ್ಮ ನಾಲಿಗೆಗೆ ಬಗ್ಗಿದ ಮೇಲೆ ಅದು ನಮ್ಮದೇ. ಬಗ್ಗದೆ ನಿಂತವು ನಿಮ್ಮ ‘ಸಾರ್ಧ’, ‘ಸಪ್ತದಶ’.

ಬೆಂಗಳೂರಿನಿಂದ:
ಹಾಗಾದರೆ ‘ಜುಬಿಲಿ’ಯೂ ನಮ್ಮದೇ ಅಲ್ವಾ? ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಅದೇ ಮಾತು. ಹೀಬ್ರೂ ‘ಯೋಬೆಲ್’, ಅಂದರೆ ಟಗರಿನ ಕೊಂಬು. ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯ ನೋಡಿ. ಏಳು ಏಳಲ ನಲವತ್ತೊಂಬತ್ತು ವರ್ಷ ಕಳೆದ ಮೇಲೆ, ಐವತ್ತನೆಯ ವರ್ಷ ಕೊಂಬು ಊದಬೇಕು. ದಾಸರಿಗೆ ಬಿಡುಗಡೆ, ಮಾರಿಹೋದ ಹೊಲ ಮೂಲದವರಿಗೆ ವಾಪಸ್. ಇಷ್ಟೊಂದು ಅರ್ಥ ಇರುವ ಪದವನ್ನು ಬಿಟ್ಟು ಯಾಕೆ ಹೊಸದು ಕಟ್ಟಬೇಕು? 150 ಅಂದರೆ ಮೂರು ಜುಬಿಲಿ.

ಮೈಸೂರಿನಿಂದ:
ಐವತ್ತಕ್ಕೆ ಮಾತ್ರ ಜುಬಿಲಿ ಅಂದರೆ ನಿಮ್ಮವರೇ ಒಪ್ಪುವುದಿಲ್ಲ. ರೋಮಿನಲ್ಲಿ ಪೋಪ್ 1300ರಲ್ಲಿ ಮೊದಲ ಜುಬಿಲಿ ಸಾರಿದಾಗ ನೂರು ವರ್ಷಕ್ಕೊಮ್ಮೆ ಅಂದಿದ್ದರು. 1475ರಿಂದ ಇಪ್ಪತ್ತೈದಕ್ಕೊಮ್ಮೆ. ಲೆಕ್ಕ ನಿಲ್ಲದ ಪದ ಬ್ಯಾನರಿಗೆ ಬೇಡ. ಅದೂ ಪರಭಾಷೆಯದು.

ಬೆಂಗಳೂರಿನಿಂದ:
ಪರಭಾಷೆ ಬೇಡವೇ? ಇಗರ್ಜಿ, ಪಾದ್ರಿ ಪೋರ್ಚುಗೀಸರಿಂದ ಬಂದವು. ಅವನ್ನು ಯಾರೂ ಹೊರಗೆ ಹಾಕಲಿಲ್ಲ. ಅದೇ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದರು, 1894ರಲ್ಲಿ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ಆ ನಿಘಂಟು ಬಿಚ್ಚಿ, ಸಂಸ್ಕೃತದ್ದೂ ಇದೆ, ಹೊರಗಿನದ್ದೂ ಇದೆ. ಜನ ಆಡಿದ್ದು ಕನ್ನಡ. ಸಂಸ್ಕೃತ ಮನೆಯವರು, ಮಿಕ್ಕವರು ನೆಂಟರು ಅನ್ನುವ ಮಾತು ನನಗೆ ನೋವು ತರುತ್ತದೆ.

ಮಂಗಳೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದರು. ಬ್ಯಾನರಿಗೆ ‘ನಮ್ಮ ಶಾಲೆಗೆ ನೂರೈವತ್ತರ ಹಬ್ಬ’ ಅಂತ ಕಳಿಸಿದೆ. ಮಿಶನ್ನಿನದಕ್ಕೆ ‘ಇನ್ನೂರರ ಹಬ್ಬ’. ನೈಸಿಯ ಸಭೆಗೆ ಮಾತ್ರ ‘ಹಬ್ಬ’ ಅನ್ನಲು ಮನಸ್ಸು ಬರಲಿಲ್ಲ. ಅದು ವಾದ ಮಾಡಿ ವಿಶ್ವಾಸ ಪ್ರಮಾಣ ಬರೆದ ಸಭೆ. ‘1700ನೇ ವರ್ಷದ ನೆನಪು’ ಅಂತ ಬರೆದೆ. ಬೆಂಗಳೂರಿನವರ ಕೊಂಬಿನ ಮಾತನ್ನು ಸಂಪಾದಕೀಯದಲ್ಲಿ ಸೇರಿಸುತ್ತೇನೆ, ಮಕ್ಕಳಿಗೆ ಇಷ್ಟ ಆಗುತ್ತದೆ.

ಮೈಸೂರಿನಿಂದ:
ಒಂದೇ ಜಾಡಿನ ಪದ ಕೇಳಿದಿರಿ. ಎರಡು ಜಾಡು ಹಿಡಿದಿರಿ. ನನ್ನ ಆಕ್ಷೇಪ ಹಾಗೇ ಇದೆ.