580 ಎನ್‌ಎಂ ಇದ್ದೂ ಡೀಸೆಲ್ ಹಿಂದೆ ಬೀಳೋದು ಯಾಕೆ? 335ಡಿ, 335ಐ ಓಡಿಸಿ ಗೊತ್ತಿರೋರು ಹೇಳಿ

ನಾಲ್ಕನೇಗೇರ್:

ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯೂ 3 ಸೀರೀಸ್, ಇ90 ಮಾಡೆಲ್ ನೋಡ್ತಿದ್ದೀನಿ. ಎರಡು ಆಯ್ಕೆ ಇದೆ. 335ಡಿ: ಮೂರು ಲೀಟರ್, ಸಾಲಾಗಿ ಆರು ಸಿಲಿಂಡರ್, ಎರಡು ಟರ್ಬೊ, 286 ಪಿಎಸ್ ಪವರ್, 580 ಎನ್‌ಎಂ ಟಾರ್ಕ್ (ತಿರುಗಿಸೋ ಬಲ). 335ಐ: ಅದೂ ಮೂರು ಲೀಟರ್, ಆರು ಸಿಲಿಂಡರ್, ಎರಡು ಟರ್ಬೊ, 306 ಪಿಎಸ್, 400 ಎನ್‌ಎಂ. ಟಾರ್ಕ್ ಲೆಕ್ಕದಲ್ಲಿ ಡೀಸೆಲ್ 45 ಪರ್ಸೆಂಟ್ ಜಾಸ್ತಿ. ಆದ್ರೂ ನಿಂತಲ್ಲಿಂದ 100ಕ್ಕೆ ಹೋಗೋದ್ರಲ್ಲಿ ಪೆಟ್ರೋಲೇ ಹೆಚ್ಚುಕಮ್ಮಿ ಅರ್ಧ ಸೆಕೆಂಡ್ ಮುಂದೆ. ಕೂತು ಓಡಿಸಿದ್ರೆ ಮಾತ್ರ ಡೀಸೆಲ್ಲೇ ಜೋರು ಅನ್ಸುತ್ತೆ. ಇದು ಬರೀ ಭ್ರಮೆನಾ? ಹೆದ್ದಾರಿ ಓವರ್‌ಟೇಕ್‌ಗೂ ಬೆಟ್ಟದ ತಿರುವುಗಳಿಗೂ ಯಾವುದು ಸರಿ? ಮೈಲೇಜ್ ಮುಖ್ಯ ಅಲ್ಲ, ಓಡಿಸೋದು ಹೇಗಿರುತ್ತೆ ಅನ್ನೋದು ಹೇಳಿ.

ಕ್ರ್ಯಾಂಕ್‌ಶಾಫ್ಟ್:

ಭ್ರಮೆ ಅಲ್ಲ. ಆದರೆ ನೀವು ಹೋಲಿಸ್ತಿರೋದು ಎಂಜಿನ್ ತುದಿಯ ಟಾರ್ಕ್, ಕಾರನ್ನ ತಳ್ಳೋದು ಚಕ್ರದ ಟಾರ್ಕ್. ಮಧ್ಯೆ ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎರಡೂ ಇವೆಯಲ್ಲ.

ಡೀಸೆಲ್ 4,500 ಆರ್‌ಪಿಎಂ ಹತ್ತಿರ ಮುಗಿಯುತ್ತೆ, ಪೆಟ್ರೋಲ್ 7,000 ತನಕ ಹೋಗುತ್ತೆ. ಹಾಗಾಗಿ ಡೀಸೆಲ್‌ಗೆ ಉದ್ದ ಗೇರಿಂಗ್ (ಅದೇ ಆರ್‌ಪಿಎಂಗೆ ಜಾಸ್ತಿ ವೇಗ) ಕೊಡಲೇಬೇಕು, ಇಲ್ಲಾಂದ್ರೆ ಎರಡನೇ ಗೇರ್ 70 ದಾಟೋಕೆ ಮುಂಚೆ ಮುಗಿದುಹೋಗುತ್ತೆ. ಲೆಕ್ಕಕ್ಕೆ ಡೀಸೆಲ್‌ನ ಫೈನಲ್ ಡ್ರೈವ್ (ಡಿಫರೆನ್ಷಿಯಲ್‌ನ ಗೇರ್ ಅನುಪಾತ) 2.8, ಪೆಟ್ರೋಲ್‌ನದು 3.4 ಅಂತ ಹಿಡಿಯಿರಿ. ಗೇರ್‌ಬಾಕ್ಸ್ ಎರಡಕ್ಕೂ ಒಂದೇ, ಎರಡನೇ ಗೇರ್ 2.34, ಮೂರನೇದು 1.52. ಚಕ್ರದ ಸುತ್ತಳತೆ ಎರಡು ಮೀಟರ್.

60 ಕಿ.ಮೀ. ವೇಗದಲ್ಲಿ ಎರಡೂ ಎರಡನೇ ಗೇರ್‌ನಲ್ಲಿವೆ. ಡೀಸೆಲ್ ಸುಮಾರು 3,275 ಆರ್‌ಪಿಎಂನಲ್ಲಿರುತ್ತೆ. ಅಲ್ಲಿ ಟಾರ್ಕ್ 580ರಿಂದ ಇಳಿದು 510ರ ಆಸುಪಾಸಿಗೆ ಬಂದಿದೆ ಅಂದ್ಕೊಳ್ಳಿ, ಚಕ್ರಕ್ಕೆ ಸಿಗೋದು 3,340 ಎನ್‌ಎಂ. ಪೆಟ್ರೋಲ್ ಪೂರ್ತಿ 400ರಲ್ಲೇ ಇದ್ದು 3,180 ಕೊಡುತ್ತೆ. ಡೀಸೆಲ್ ಒಂಚೂರು ಮುಂದೆ.

ಈಗ 82 ದಾಟಿಸಿ. ಡೀಸೆಲ್ ಎರಡನೇ ಗೇರ್ ಮುಗೀತು, ಮೂರನೇದಕ್ಕೆ ಹೋಗಬೇಕು. ಆರ್‌ಪಿಎಂ 2,900ಕ್ಕೆ ಇಳಿಯುತ್ತೆ, ಟಾರ್ಕ್ 530ಕ್ಕೆ ಏರಿದರೂ ಚಕ್ರಕ್ಕೆ 2,250 ಅಷ್ಟೇ. ಪೆಟ್ರೋಲ್ ಇನ್ನೂ ಎರಡನೇ ಗೇರ್‌ನಲ್ಲೇ 5,450ರಲ್ಲಿ ಕೂಗ್ತಾ ಇದೆ. 380 ಎನ್‌ಎಂ ಅಂತ ಹಿಡಿದರೂ ಚಕ್ರಕ್ಕೆ 3,000. ಅದು ಎರಡನೇ ಗೇರ್ ಬಿಡೋದು 106ರ ಹತ್ತಿರ. ನಿಮ್ಮ ಅರ್ಧ ಸೆಕೆಂಡ್ ಹೋಗೋದು ಇಲ್ಲಿ, ಈ 82ರಿಂದ 106ರ ಮಧ್ಯೆ.

ಹಾಗಾದ್ರೆ ಡೀಸೆಲ್ ಜೋರು ಅನ್ಸೋದ್ಯಾಕೆ? ಮೈಗೆ ಗೊತ್ತಾಗೋದು ತಳ್ಳುವ ಬಲ ಎಷ್ಟು ಬೇಗ ಏರಿತು ಅನ್ನೋದು. 335ಡಿಯ ಟರ್ಬೊಗಳು ಸರದಿ ಮೇಲೆ ಕೆಲಸ ಮಾಡ್ತವೆ: ಕೆಳಗೆ ಚಿಕ್ಕದು, ಮೇಲೆ ದೊಡ್ಡದು. 1,500ರಿಂದ 2,000ದ ನಡುವೆ ಟಾರ್ಕ್ ಒಂದೇ ಏಟಿಗೆ ಮೇಲೆ ಏರುತ್ತೆ, ಬೆನ್ನು ಸೀಟಿಗೆ ಅಂಟುತ್ತೆ. 335ಐಗೆ ಎರಡು ಚಿಕ್ಕ ಟರ್ಬೊ, ಒಂದೊಂದಕ್ಕೆ ಮೂರು ಸಿಲಿಂಡರ್. 1,300ರಿಂದ 5,000 ತನಕ ಟಾರ್ಕ್ ಗೆರೆ ಹಲಗೆ ಥರ ಸಪಾಟು. ಏರಿಳಿತ ಇಲ್ಲ, ಅದಕ್ಕೆ ಸಪ್ಪೆ ಅನ್ಸುತ್ತೆ. ಸ್ಪೀಡೋಮೀಟರ್ ನೋಡಿದಾಗಲೇ ಗೊತ್ತಾಗೋದು.

ಇನ್ನೊಂದು. "ಡೀಸೆಲ್‌ನ 3,500 ಮೇಲೆ ಎಳೀಬೇಡ, ಅಲ್ಲಿ ಏನೂ ಇಲ್ಲ" ಅಂತ ಎಲ್ಲರೂ ಹೇಳ್ತಾರೆ. ಮೈಲೇಜ್‌ಗೆ ಸರಿ, ವೇಗಕ್ಕೆ ತಪ್ಪು. ಟಾರ್ಕ್ ಇಳಿಯೋದ್ರಿಂದ ಉಸಿರುಗಟ್ಟಿದ ಹಾಗೆ ಅನ್ಸುತ್ತೆ, ಆದರೆ ಪವರ್ 4,400 ತನಕ ಏರ್ತಾನೇ ಇರುತ್ತೆ. ಅಲ್ಲಿ 210 ಕಿಲೋವ್ಯಾಟ್ ಇದ್ರೆ, ಮೇಲಿನ ಗೇರ್‌ಗೆ ಹಾಕಿದ ತಕ್ಷಣ 2,900ರಲ್ಲಿ ಸುಮಾರು 160. ಪೂರ್ತಿ ಜೋರು ಬೇಕಾದಾಗ ಕೆಳಗಿನ ಗೇರ್ ಹಿಡ್ಕೊಂಡೇ ಇರಿ.

ತಿರುವುಮುರುವು:

ಮೇಲಿನ ಲೆಕ್ಕ ಸರಿ. ಆದರೆ ಅದು ಪೂರ್ತಿ ಆಕ್ಸಿಲರೇಟರ್ ಒತ್ತಿದಾಗಿನ ಕಥೆ. ಹೆದ್ದಾರಿಯಲ್ಲಿ ಯಾರೂ ಹಾಗೆ ಓಡಿಸಲ್ಲ. 80ರಲ್ಲಿ ಮೇಲಿನ ಗೇರ್‌ನಲ್ಲಿ ಹೋಗ್ತಾ ಸುಮ್ನೆ ಪೆಡಲ್ ಮೇಲೆ ಕಾಲಿಟ್ಟಾಗ ಏನಾಗುತ್ತೆ ಅನ್ನೋದೇ ದಿನನಿತ್ಯದ ಓವರ್‌ಟೇಕ್. 1,700 ಆರ್‌ಪಿಎಂನಲ್ಲಿ 550 ಎನ್‌ಎಂ ಅಂದ್ರೆ 98 ಕಿಲೋವ್ಯಾಟ್. ಟರ್ಬೊ ಪೆಟ್ರೋಲ್ 1,900ರಲ್ಲಿ 400 ಎನ್‌ಎಂಗೆ 80 ಕೊಡುತ್ತೆ. ಟರ್ಬೊ ಇಲ್ಲದ ದೊಡ್ಡ ಪೆಟ್ರೋಲ್ ಎಂಜಿನ್ 2,000ದಲ್ಲಿ 300 ಎನ್‌ಎಂಗೆ 63. ಡೀಸೆಲ್ ಗೇರ್ ಬದಲಿಸದೆ ಹೊರಟುಬಿಡುತ್ತೆ.

1,700 ಕಿಲೋ ಕಾರನ್ನ 80ರಿಂದ 120ಕ್ಕೆ ಒಯ್ಯೋಕೆ ಬೇಕಾಗೋ ಶಕ್ತಿ ಸುಮಾರು 525 ಕಿಲೋಜೌಲ್. ಗಾಳಿ, ಟೈರ್ ಎಳೆತ ಕಳೆದು ಚಕ್ರದಲ್ಲಿ 140 ಕಿಲೋವ್ಯಾಟ್ ಉಳಿದರೆ ನಾಲ್ಕು ಸೆಕೆಂಡಿಗೆ ಒಂಚೂರು ಕಡಿಮೆ. 70 ಉಳಿದರೆ ಏಳೂವರೆ. ಪೆಟ್ರೋಲ್‌ನಲ್ಲಿ ಎರಡು ಮೂರು ಗೇರ್ ಇಳಿಸಿದ್ರೆ ಅದು ಡೀಸೆಲ್‌ಗಿಂತ ಬೇಗ ದಾಟುತ್ತೆ, ಆದರೆ ಆ ಇಳಿಸೋ ಕೆಲಸ ನೀವು ಮಾಡಬೇಕು, ಇಲ್ಲಾ ಗೇರ್‌ಬಾಕ್ಸ್ ಮಾಡಬೇಕು. ಡೀಸೆಲ್‌ಗೆ ಸೋಮಾರಿ ಓಡಿಸುವವರನ್ನ ಕ್ಷಮಿಸೋ ಗುಣ ಇದೆ.

ಬೆಟ್ಟದ ತಿರುವಿಗೆ ಬಂದ್ರೆ ಚಿತ್ರ ಉಲ್ಟಾ. ಡೀಸೆಲ್‌ನ ಕಂಪ್ರೆಷನ್ ಜಾಸ್ತಿ, 16ಕ್ಕೆ 1ರ ಆಸುಪಾಸು. ಅದನ್ನ ತಡ್ಕೊಳ್ಳೋ ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಹೆಡ್ ಎಲ್ಲಾ ದಪ್ಪ. ಆ ತೂಕ ಮುಂದಿನ ಆಕ್ಸಲ್ ಮೇಲೆ ಕೂರುತ್ತೆ. ಮೊದಲ ತಿರುವಲ್ಲಿ ಗೊತ್ತಾಗಲ್ಲ. ಎಡಕ್ಕೆ ತಿರುಗಿ ತಕ್ಷಣ ಬಲಕ್ಕೆ ತಿರುಗಿಸಬೇಕಾದ ಕಡೆ ಮೂಗು ಒಂದು ಕ್ಷಣ ತಡ ಮಾಡುತ್ತೆ. ಇಳಿಜಾರಲ್ಲಿ ಬ್ರೇಕ್ ಒತ್ತುತ್ತಾ ತಿರುಗಿಸಿದ್ರೆ ಇನ್ನೂ ಸ್ಪಷ್ಟ, ಮುಂದಿನ ಟೈರ್ ಮೊದಲು ಕೈ ಬಿಡುತ್ತೆ.

ತಿರುವಿನ ಮಧ್ಯದಿಂದ ಹೊರಬರೋವಾಗ ಡೀಸೆಲ್ ಕೇಳೋ ಶಿಸ್ತೇ ಬೇರೆ. ಒಳಗೆ ಹೋಗೋ ಮುಂಚೆನೇ ಗೇರ್ ಇಳಿಸಿ, ನಡುಭಾಗದಲ್ಲಿ ಆರ್‌ಪಿಎಂ ಸೂಜಿ 2,000ಕ್ಕಿಂತ ಕೆಳಗೆ ಬೀಳದ ಹಾಗೆ ನೋಡ್ಕೊಳ್ಳಿ. 1,400ಕ್ಕೆ ಬಿದ್ದರೆ ಪೆಡಲ್ ಒತ್ತಿದಾಗ ಮೊದಲು ಏನೂ ಆಗಲ್ಲ, ನೀವು ಇನ್ನಷ್ಟು ಒತ್ತುತ್ತೀರಿ, ಆಮೇಲೆ ಬೂಸ್ಟ್ (ಟರ್ಬೊ ಒತ್ತೋ ಗಾಳಿ) ಬಂದು 500 ಎನ್‌ಎಂ ಒಟ್ಟಿಗೇ ಹಿಂದಿನ ಟೈರ್‌ಗೆ ಬೀಳುತ್ತೆ. ಸ್ಟೇರಿಂಗ್ ಇನ್ನೂ ತಿರುಗೇ ಇರುತ್ತೆ, ಒದ್ದೆ ರಸ್ತೆ ಆದ್ರೆ ಟ್ರ್ಯಾಕ್ಷನ್ ದೀಪ ಮಿನುಗುತ್ತೆ, ಎಲೆಕ್ಟ್ರಾನಿಕ್ಸ್ ಪವರ್ ಕಟ್ ಮಾಡುತ್ತೆ, ಹೊರಬರೋ ಲಯ ಹಾಳು. ಪೆಡಲನ್ನ ಕಾಲು ಭಾಗ ಮೊದಲೇ ಒತ್ತಿ, ಅರ್ಧ ಸೆಕೆಂಡ್ ಹಾಗೇ ಹಿಡಿದು, ಬೂಸ್ಟ್ ಬಂದ ಮೇಲೆ ಸ್ಟೇರಿಂಗ್ ನೆಟ್ಟಗೆ ಮಾಡ್ತಾ ಮಾಡ್ತಾ ಉಳಿದದ್ದು ಕೊಡಿ. ಪೆಟ್ರೋಲ್‌ನಲ್ಲಿ ಈ ಸರ್ಕಸ್ ಕಡಿಮೆ. ಪೆಡಲ್ ಎಷ್ಟೋ ಬಲ ಅಷ್ಟು.

ಇಳಿಜಾರಲ್ಲಿ ಎಂಜಿನ್ ಬ್ರೇಕ್ ವಿಷಯಾನೂ ಹೇಳ್ತೀನಿ. ಪೆಟ್ರೋಲ್‌ನಲ್ಲಿ ಕಾಲು ತೆಗೆದ್ರೆ ಥ್ರಾಟಲ್ ಮುಚ್ಚುತ್ತೆ, ಸಿಲಿಂಡರ್ ನಿರ್ವಾತದ ವಿರುದ್ಧ ಎಳೀಬೇಕು. ಡೀಸೆಲ್‌ನಲ್ಲಿ ಆ ಥರ ಗಾಳಿ ಕಟ್ಟಿ ಹಾಕಲ್ಲ. ಒತ್ತಿದ ಗಾಳಿ ಸ್ಪ್ರಿಂಗ್ ಥರ ಪಿಸ್ಟನ್ನನ್ನ ವಾಪಸ್ ತಳ್ಳುತ್ತೆ. ಮೇಲಿಂದ ಉದ್ದ ಗೇರಿಂಗ್. ಹಾಗಾಗಿ ಪೆಟ್ರೋಲ್‌ನಲ್ಲಿ ಮೂರನೇ ಗೇರ್‌ನಲ್ಲಿ ಇಳಿಯೋ ರಸ್ತೆಯನ್ನ ಡೀಸೆಲ್‌ನಲ್ಲಿ ಎರಡನೇದರಲ್ಲಿ ಇಳೀರಿ. ಇಲ್ಲಾಂದ್ರೆ ಬ್ರೇಕ್ ಕಾದು ಪೆಡಲ್ ಮೆತ್ತಗಾಗುತ್ತೆ.

ನಾಲ್ಕನೇಗೇರ್:

ಗುರುಗಳೇ, ಇಬ್ಬರಿಗೂ ಥ್ಯಾಂಕ್ಸ್. 335ಡಿ ಆಟೊಮ್ಯಾಟಿಕ್‌ನಲ್ಲಿ ಮಾತ್ರ ಬರುತ್ತೆ, ಅದು ನಂಗೇನೂ ಬೇಜಾರಿಲ್ಲ. ವಾರದ ದಿನ ಆಫೀಸಿಗೆ 6 ಕಿ.ಮೀ., ಸಿಗ್ನಲ್ ಜಾಸ್ತಿ. ಉದ್ದ ಪ್ರಯಾಣ ತಿಂಗಳಿಗೆ ಒಂದೋ ಎರಡೋ. ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ತಿದ್ದೋದು) ಮಾಡಿಸಿದ್ರೆ ಡೀಸೆಲ್ಲೇ ಮುಂದೆ ಹೋಗುತ್ತೆ ಅಂತಾರೆ, ನಿಜಾನಾ?

ಮಸಿಬಟ್ಟೆ:

6 ಕಿ.ಮೀ. ಅಂದ ಮೇಲೆ ಓಡಿಸೋ ಅನುಭವದ ಚರ್ಚೆ ಪಕ್ಕಕ್ಕಿಡಿ ಸರ್, ಡೀಸೆಲ್ ಬೇಡ.

ಕಾರಣ ಡಿಪಿಎಫ್, ಅಂದ್ರೆ ಸೈಲೆನ್ಸರ್ ಲೈನಿನಲ್ಲಿರೋ ಮಸಿ ಫಿಲ್ಟರ್. ಅದರಲ್ಲಿ ಕೂತ ಮಸಿ ಸುಡೋಕೆ 600 ಡಿಗ್ರಿ ಸೆಲ್ಸಿಯಸ್ ಹತ್ತಿರದ ಬಿಸಿ ಬೇಕು. ಎಂಜಿನ್ ಆ ಬಿಸಿ ಹುಟ್ಟಿಸೋದು ತಡವಾಗಿ ಇನ್ನೊಂದು ಸಲ ಡೀಸೆಲ್ ಚಿಮ್ಮಿಸಿ. ಪೂರ್ತಿ ಸುಡೋಕೆ ಒಂದೇ ಸಮನೆ ಹತ್ತಿಪ್ಪತ್ತು ನಿಮಿಷ ಓಡಬೇಕು. 6 ಕಿ.ಮೀ.ಗೆ ಎಂಜಿನ್ ಆಯಿಲ್ ಕೂಡ ಸರಿಯಾಗಿ ಬಿಸಿ ಆಗಿರಲ್ಲ. ಕಾರ್ ಮಸಿ ಸುಡೋಕೆ ಶುರು ಮಾಡುತ್ತೆ, ನೀವು ಆಫ್ ಮಾಡ್ತೀರಿ, ಮತ್ತೆ ಶುರು, ಮತ್ತೆ ಆಫ್. ಪ್ರತಿ ಸಲ ಆ ತಡದ ಡೀಸೆಲ್‌ನ ಒಂದಷ್ಟು ಸಿಲಿಂಡರ್ ಗೋಡೆ ತೊಳೆದು ಆಯಿಲ್‌ಗೆ ಇಳಿಯುತ್ತೆ. ಪೆಟ್ರೋಲ್ ಆದ್ರೆ ಆಯಿಲ್ ಬಿಸಿಯಾದಾಗ ಬಹುಪಾಲು ಆವಿ ಆಗಿ ಹೋಗುತ್ತೆ, ಡೀಸೆಲ್ ಅಷ್ಟು ಸುಲಭಕ್ಕೆ ಹೋಗಲ್ಲ. ಆಯಿಲ್ ಮಟ್ಟ ಏರುತ್ತೆ, ಆಯಿಲ್ ತೆಳುವಾಗುತ್ತೆ, ಮೊದಲು ನರಳೋದು ಟರ್ಬೊ ಬೇರಿಂಗ್. ಆಯಿಲ್ ಜಾಸ್ತಿ ಇದೆ ಅಂತ ತೋರಿಸಿದ್ರೆ ಒಳ್ಳೇದೇ ಅಂದ್ಕೋಬೇಡಿ.

ಅಕಸ್ಮಾತ್ ಡೀಸೆಲ್ಲೇ ಬೇಕು ಅಂತ ಹಠ ಇದ್ರೆ, ನೋಡೋಕೆ ಹೋಗುವಾಗ ಆ ಕಾರ್ ಓದಬಲ್ಲ ಸ್ಕ್ಯಾನರ್ ತಗೊಂಡು ಹೋಗಿ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಫಿಲ್ಟರ್‌ನ ಆಚೀಚಿನ ಒತ್ತಡದ ವ್ಯತ್ಯಾಸ ಕೆಲವೇ ಮಿಲಿಬಾರ್ ಇರಬೇಕು. 20-30 ದಾಟಿದ್ರೆ ಮಸಿಯೋ ಬೂದಿಯೋ ತುಂಬಿದೆ. ಬೂದಿ ಸುಡಲ್ಲ, ಅದಕ್ಕೆ ಫಿಲ್ಟರ್ ಬಿಚ್ಚಿ ತೊಳೀಬೇಕು ಇಲ್ಲಾ ಬದಲಿಸಬೇಕು. ಕೊನೆಯ ರೀಜನರೇಷನ್ (ಮಸಿ ಸುಡೋದು) ಆಗಿ ಎಷ್ಟು ಕಿ.ಮೀ. ಆಯ್ತು ಅಂತಾನೂ ನೋಡಿ. ಆರೋಗ್ಯವಾಗಿರೋ ಕಾರಲ್ಲಿ ಎರಡರ ನಡುವೆ ಕೆಲವು ನೂರು ಕಿ.ಮೀ. ಇರುತ್ತೆ. ಪದೇ ಪದೇ ಆಗ್ತಿದ್ರೆ ಇಂಜೆಕ್ಟರ್, ಥರ್ಮೋಸ್ಟಾಟ್, ಇಜಿಆರ್ (ಹೊಗೆಯನ್ನ ಮತ್ತೆ ಎಂಜಿನ್‌ಗೆ ಕಳಿಸೋ ವಾಲ್ವ್) ಮೂರನ್ನೂ ಅನುಮಾನಿಸಿ. ಥರ್ಮೋಸ್ಟಾಟ್ ತೆರೆದೇ ಉಳಿದು ಕೂಲೆಂಟ್ 75 ಡಿಗ್ರಿ ದಾಟದೇ ಇದ್ದರೆ ಎಷ್ಟೋ ಕಾರು ರೀಜನರೇಷನ್ ಶುರುವೇ ಮಾಡಲ್ಲ. ಸಣ್ಣ ಪಾರ್ಟು, ಆದರೆ ದೊಡ್ಡ ಫಿಲ್ಟರ್ ಹಾಳು ಮಾಡೋದು ಬಹಳ ಸಲ ಅದೇ. ಫಿಲ್ಟರ್ ಇರೋ ಎಂಜಿನ್‌ಗೆ ಕಡಿಮೆ ಬೂದಿಯ ಆಯಿಲ್ಲೇ ಹಾಕಬೇಕು. ಬಿಎಂಡಬ್ಲ್ಯೂ ಆದ್ರೆ ಡಬ್ಬಿ ಮೇಲೆ ಲಾಂಗ್‌ಲೈಫ್-04 ಅಂತಿರಬೇಕು.

ಪೆಟ್ರೋಲ್ ಏನು ಸಾಚಾ ಅಲ್ಲ. ಇಂಧನ ನೇರ ಸಿಲಿಂಡರ್ ಒಳಗೇ ಚಿಮ್ಮೋದ್ರಿಂದ ಇನ್‌ಟೇಕ್ ವಾಲ್ವ್ ಬೆನ್ನು ಪೆಟ್ರೋಲ್‌ನಲ್ಲಿ ತೊಳೆಯಲ್ಲ, ಕಾರ್ಬನ್ ಗಟ್ಟಿ ಕೂರುತ್ತೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಿ: ಐಡಲ್ ನಡುಗಿದ್ರೆ, ಮಿಸ್‌ಫೈರ್ ಕೋಡ್ ಬಂದ್ರೆ ಮ್ಯಾನಿಫೋಲ್ಡ್ ಬಿಚ್ಚಿ ಅಕ್ರೋಟ್ ಚಿಪ್ಪಿನ ಪುಡಿ ಊದಿ ಶುಚಿ ಮಾಡಿಸಬೇಕು. ಹೈ ಪ್ರೆಷರ್ ಪಂಪ್, ಇಂಜೆಕ್ಟರ್, ಇಗ್ನಿಷನ್ ಕಾಯಿಲ್‌ನ ಹಳೇ ಬಿಲ್ ಕೇಳಿ. 1,500 ಆರ್‌ಪಿಎಂನಲ್ಲಿ ಮೇಲಿನ ಗೇರ್ ಹಾಕಿ ಪೂರ್ತಿ ಒತ್ತೋ ಡೀಸೆಲ್ ಚಟ ಟರ್ಬೊ ಪೆಟ್ರೋಲ್‌ಗೆ ಬೇಡ. ಸ್ಪಾರ್ಕ್ ಬರೋ ಮುಂಚೆನೇ ಮಿಶ್ರಣ ಹೊತ್ಕೊಂಡು ಪಿಸ್ಟನ್ ಅಂಚು ಒಡೆಯೋ ಅಪಾಯ ಇರೋದು ಸರಿಯಾಗಿ ಆ ಜಾಗದಲ್ಲಿ. ಗೇರ್ ಇಳಿಸಿ ಒತ್ತಿ.

ಬೂಸ್ಟ್‌ಬಾರ್:

ರೀಮ್ಯಾಪ್ ಬಗ್ಗೆ ಯಾರೂ ಹೇಳಲಿಲ್ಲ. ಡೀಸೆಲ್‌ಗೆ ಟಾರ್ಕ್ ಸುಲಭವಾಗಿ ಏರುತ್ತೆ, ಆದರೆ ಅದೇ 4,500ಕ್ಕೆ ಮುಗಿಯುತ್ತೆ. ಅಂದ್ರೆ ಕ್ರ್ಯಾಂಕ್‌ಶಾಫ್ಟ್ ಅವರು ಹೇಳಿದ ಜಾಗ ಬದಲಾಗಲ್ಲ, ಸೀಟಿಗೆ ಅಂಟೋದು ಮಾತ್ರ ಹೆಚ್ಚುತ್ತೆ. ಅದೇ ಖರ್ಚಲ್ಲಿ ಟರ್ಬೊ ಪೆಟ್ರೋಲ್ ರೀಮ್ಯಾಪ್ ಮಾಡಿದ್ರೆ ಅದೂ ಏರುತ್ತೆ, ಅಂತರ ಉಳಿಯುತ್ತೆ. ಮೊದಲು ಗೇರ್‌ಬಾಕ್ಸ್ ಮಿತಿ ನೋಡಿ. ಉದಾಹರಣೆಗೆ, ಗೇರ್‌ಬಾಕ್ಸ್ ಕಂಪನಿ ಝಡ್‌ಎಫ್‌ನ ಎಂಟು ಗೇರಿನ ಮೊದಲ ತಲೆಮಾರಿನಲ್ಲಿ ಹೆಸರೇ ಹೇಳುತ್ತೆ: 8ಎಚ್‌ಪಿ45 ಅಂದ್ರೆ 450 ಎನ್‌ಎಂ, 8ಎಚ್‌ಪಿ70 ಅಂದ್ರೆ 700. ಮಿತಿ ಮೀರಿದ್ರೆ ಟಾರ್ಕ್ ಕನ್ವರ್ಟರ್ ಲಾಕಪ್ ಕ್ಲಚ್ ಜಾರೋಕೆ ಶುರು: 1,800ರ ಹತ್ತಿರ ಪೆಡಲ್ ಒತ್ತಿದಾಗ ಆರ್‌ಪಿಎಂ ಸೂಜಿ ವೇಗಕ್ಕಿಂತ ಮುಂಚೆ ಏರುತ್ತೆ.

ಡೀಸೆಲ್ ಸ್ಪೋರ್ಟ್ಸ್ ಸೆಡಾನ್ ಅಂದ್ರೆ ಇಷ್ಟೇ ಅಂತ ತೀರ್ಮಾನ ಮಾಡ್ಬೇಡಿ. ಬಿಎಂಡಬ್ಲ್ಯೂ ಎಂ550ಡಿ 2012ರಲ್ಲಿ ಮೂರು ಟರ್ಬೊದಲ್ಲಿ 381 ಪಿಎಸ್, 740 ಎನ್‌ಎಂ ಕೊಟ್ಟಿತು, ಆಮೇಲಿನದು ನಾಲ್ಕು ಟರ್ಬೊದಲ್ಲಿ 400 ಪಿಎಸ್, 760 ಎನ್‌ಎಂ. ಎರಡಕ್ಕೂ ನಾಲ್ಕು ಚಕ್ರದ ಡ್ರೈವ್. ತಿರುವುಮುರುವು ಹೇಳಿದ ಹಿಂದಿನ ಟೈರ್ ಗೋಳು ಅಲ್ಲಿ ಬಹುಮಟ್ಟಿಗೆ ಇಲ್ಲ. ಆಡಿ ಎಸ್6 ಟಿಡಿಐನಲ್ಲಿ 48 ವೋಲ್ಟ್‌ನ ಎಲೆಕ್ಟ್ರಿಕ್ ಕಂಪ್ರೆಸರ್ ಇದೆ, ಕಾಲು ಸೆಕೆಂಡಿನಲ್ಲಿ ಪೂರ್ತಿ ತಿರುಗುತ್ತೆ. ಎಕ್ಸಾಸ್ಟ್ ಗಾಳಿಗೆ ಕಾಯೋದಿಲ್ಲ, ಹಾಗಾಗಿ ತಿರುವಿನ ನಡುವಿನ ಆ ಖಾಲಿ ಕ್ಷಣ ಬಹಳಷ್ಟು ತುಂಬುತ್ತೆ. ಮುಂದಿನ ತೂಕ ಮಾತ್ರ ಹಾಗೇ ಇದೆ.

ನಾಲ್ಕನೇಗೇರ್:

ಸರಿ, 335ಐ ಕಡೆಗೇ ವಾಲಿದೆ. ಟೆಸ್ಟ್ ಡ್ರೈವ್‌ಗೆ ಏನೇನು ಮಾಡ್ಲಿ?

ಮಸಿಬಟ್ಟೆ:

ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಮಾರೋರು ಮೊದಲೇ ಬಿಸಿ ಮಾಡಿಟ್ಟಿದ್ರೆ ಇನ್ನೊಂದು ದಿನ ಬರ್ತೀನಿ ಅನ್ನಿ. ಆಯಿಲ್ ಬಿಸಿ ತೋರಿಸೋ ಗೇಜ್ ಸೂಜಿ ಮಧ್ಯಕ್ಕೆ ಬರೋ ತನಕ 3,000 ದಾಟಿಸಬೇಡಿ. ಆಮೇಲೆ ಮ್ಯಾನುಯಲ್ ಮೋಡ್‌ನಲ್ಲಿ ಮೂರನೇ ಗೇರ್ ಹಾಕಿ 2,000ದಿಂದ 6,500 ತನಕ ಒಂದೇ ಉಸಿರಿಗೆ ಎಳೀರಿ. ಮಧ್ಯೆ ತಡವರಿಸಿ ಪವರ್ ಕಡಿತವಾಗಿ ಎಂಜಿನ್ ದೀಪ ಬಂದ್ರೆ ಪಂಪೋ ಬೂಸ್ಟ್ ಸೋರಿಕೆಯೋ ಇದೆ. ಕಾಲು ತೆಗೆದ ತಕ್ಷಣ ಮುಂದಿನಿಂದ ಲೋಹದ ಗಲಗಲ ಸದ್ದು ಬಂದ್ರೆ ಟರ್ಬೊ ವೇಸ್ಟ್‌ಗೇಟ್ (ಹೆಚ್ಚಿನ ಹೊಗೆಯನ್ನ ಪಕ್ಕಕ್ಕೆ ಬಿಡೋ ಬಾಗಿಲು) ಸವೆದಿದೆ. ಸ್ಕ್ಯಾನರ್‌ನಲ್ಲಿ ಕೋಡ್ ಓದಿ. ಒಂದೂ ಇಲ್ಲ ಅಂತ ಬಂದ್ರೆ, ಇವತ್ತು ಬೆಳಗ್ಗೆನೇ ಅಳಿಸಿದ್ದಾರಾ ಅಂತ ರೆಡಿನೆಸ್ ಮಾನಿಟರ್ (ಕಾರಿನ ಸ್ವಯಂ ಪರೀಕ್ಷೆಗಳು ಮುಗಿದಿವೆಯಾ ಅಂತ ಹೇಳೋ ಪಟ್ಟಿ) ನೋಡಿ, ಅಳಿಸಿದ್ರೆ ಅವು "ಅಪೂರ್ಣ" ಅಂತ ತೋರಿಸ್ತವೆ.